ಮೊಟ್ಟೆ ಒಂದು

ಮಾನ್ಯ ಲೆಕ್ಕ ಪರಿಶೋಧಕರೇ,
ನಿಮ್ಮ ಕೆಂಪು ಶಾಯಿಯ ಷರಾ ತಲುಪಿತು:
ಪುಟ ಹದಿನಾಲ್ಕು. ಸುಗ್ಗಿ ಹಬ್ಬದ ಜಮೆ.
ಮೊಟ್ಟೆ ಒಂದು, ಎಂಟುನೂರ ಎಪ್ಪತ್ತು ರೂಪಾಯಿ.
ಮೊಟ್ಟೆಗಳ ಸಂಖ್ಯೆ ಸರಿಪಡಿಸಿ.

ಸಂಖ್ಯೆ ಸರಿಯಾಗಿದೆ.
ಮೂವತ್ತೊಂದು ವರ್ಷ ಅರಸೀಕೆರೆ ಜಂಕ್ಷನ್ನಿನ
ಪಾರ್ಸೆಲ್ ಕಿಟಕಿಯಲ್ಲಿ ಕೂತವಳು ನಾನು.
ಒಂದನ್ನು ಒಂದು ಎಂದೇ ಬರೆಯುತ್ತೇನೆ.

ನೀವು ನಮ್ಮ ದೇವಾಲಯ ನೋಡಿಲ್ಲ.
ಕೊಬ್ಬರಿ ಮಂಡಿಯ ಹಿಂದಿನ ಓಣಿ,
ಎಡಕ್ಕೆ ಗೋಣಿಚೀಲದ ಅಂಗಡಿ, ಬಲಕ್ಕೆ ಸೈಕಲ್ ಶಾಪು,
ನಡುವೆ ನಾವು: ಇಪ್ಪತ್ತಾರು ಮನೆ, ಒಂದು ಗಂಟೆ.
ಗಂಟೆಯೂ ರೈಲಿನದೇ, ಹಳೆಯ ಹಳಿಯ ತುಂಡು.
ಉಪದೇಶದ ನಡುವೆ ಕೊಬ್ಬರಿಯ ಕಮಟು ಒಳಗೆ ಬರುತ್ತದೆ.
ನಮ್ಮ ಧೂಪ ಅದೇ ಅಂತ ಅಪ್ಪ ನಗುತ್ತಿದ್ದರು,
ಧೂಪ ಹಾಕದ ಪಂಥ ನಮ್ಮದು.

ಆ ಮಂಡಿಯಲ್ಲಿ ಸವಾಲು ಕೂಗುತ್ತಿದ್ದವನು ಎಲೀಷಪ್ಪ.
ಅವನು ಗಂಟಲೆತ್ತಿದರೆ
ತಿಪಟೂರಿನ ವರ್ತಕರೂ ಬೀಡಿ ಆರಿಸುತ್ತಿದ್ದರು.
ಈಗ ಕೂಗಿಲ್ಲ. ಕಂಪ್ಯೂಟರಿಗೆ ದರ ಹಾಕಿ
ಸುಮ್ಮನೆ ಎದ್ದು ಹೋಗುತ್ತಾರೆ.
ಎಲೀಷಪ್ಪ ಗೇಟಿನಲ್ಲಿ ಲಾರಿಗಳಿಗೆ ಚೀಟಿ ಹರಿಯುತ್ತಾನೆ.
ವರ್ಷಕ್ಕೊಂದು ಭಾನುವಾರ, ಸುಗ್ಗಿ ಹಬ್ಬಕ್ಕೆ,
ಆ ಗಂಟಲು ನಮ್ಮದು.
ಹಿಂದಿನ ರಾತ್ರಿ ಮೆಣಸಿನ ಕಷಾಯ ಕುಡಿದು ಮಲಗುತ್ತಾನೆ,
ಹೆಂಡತಿಯ ಜೊತೆಗೂ ಮಾತಿಲ್ಲ.

ಈ ಸಲ ಹೊಸ ಪಾಲಕರು. ಚಿಕ್ಕ ವಯಸ್ಸು, ಗರಿಗರಿ ನಿಲುವಂಗಿ.
ದೇವರ ಮನೆಯಲ್ಲಿ ವ್ಯಾಪಾರವೇ ಎಂದರು.
ಮಗುಚಿಬಿದ್ದ ಮೇಜುಗಳನ್ನು, ಹಗ್ಗದ ಚಾವಟಿಯನ್ನು ನೆನಪಿಸಿದರು.
ಯಾರೂ ಎದುರಾಡಲಿಲ್ಲ.
ಕುಂಬಳಕಾಯಿಗಳನ್ನು ಒಂದೊಂದಾಗಿ ಹೊತ್ತು
ಹೊರಗೆ ಬೇವಿನ ಮರದಡಿ ಇಟ್ಟೆವು.
ಹೊರಗಾದರೆ ಅದು ಮನೆಯಲ್ಲ, ಅಂಗಳ.
ಆ ಚಾವಟಿ ಬೀಸಿದ್ದೂ ಅಂಗಳದಲ್ಲೇ ಎಂದು
ಅವರಿಗೆ ಗೊತ್ತಿತ್ತು. ಹೇಳಲಿಲ್ಲ.

ಹುಂಜ, ಬಾಳೆಗೊನೆ, ಎರಡು ಸೇರು ರಾಗಿ,
ತಿಮೊಥಿಯ ಮನೆಯ ಕಸೂತಿ ಮೇಜುಬಟ್ಟೆ,
ಎಲ್ಲ ಹೋಯಿತು. ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಆ ಮೊಟ್ಟೆ.
ತಂದವಳು ದೀನಮ್ಮ, ಮಿಷನ್ ಶಾಲೆ ಗುಡಿಸಿ ಬದುಕಿದವಳು.
ಇರುವುದು ಒಂದೇ ಕೋಳಿ,
ಅದೂ ಮನಸ್ಸು ಬಂದಾಗ ಇಡುತ್ತದೆ.

ಐದು ರೂಪಾಯೀ! ಎಂದ ಎಲೀಷಪ್ಪ.
ಬೇವಿನ ಮೇಲಿದ್ದ ಕಾಗೆಗಳು ಎದ್ದವು.
ನರ್ಸ್ ಮಾರ್ಥಮ್ಮ ನಲವತ್ತಕ್ಕೆ ಹಿಡಿದಳು, ದುಡ್ಡು ಎಣಿಸಿದಳು,
ಮೊಟ್ಟೆಯನ್ನು ತಟ್ಟೆಗೇ ಇಟ್ಟಳು: ಇನ್ನೊಂದ್ಸಲ ಕೂಗು.
ಗೋಣಿಚೀಲದ ಗುರುಸಿದ್ದಪ್ಪನವರು, ಕೊರಳಲ್ಲಿ ಲಿಂಗ,
ಇಪ್ಪತ್ತು ವರ್ಷದಿಂದ ನಮ್ಮ ಹಬ್ಬ ತಪ್ಪಿಸದವರು,
ಎಪ್ಪತ್ತು ಅಂದರು.
ಮೊಟ್ಟೆ ಮುಟ್ಟುವವರಲ್ಲ, ದೂರದಿಂದಲೇ ಕೈ ಮುಗಿದರು:
ಅಲ್ಲೇ ಇರ್ಲಿ ಬಿಡಪ್ಪ.
ಮೂರನೆಯ ಸಲ ಹೆಂಗಸರ ಕಡೆಯಿಂದ
ಐವತ್ತು ಎಂದಿತು ಒಂದು ತೆಳು ದನಿ.
ಪಾಲಕರ ಹೆಂಡತಿ.
ಜಗುಲಿಯಲ್ಲಿ ನಿಂತಿದ್ದ ಪಾಲಕರು ಆಕಾಶ ನೋಡಿದರು.

ಹೀಗೆ ಒಂಬತ್ತು ಸಲ.
ಒಂಬತ್ತು ರಸೀದಿ, ನೂರ ಹನ್ನೆರಡರಿಂದ ನೂರ ಇಪ್ಪತ್ತು.
ಕೊನೆಯದರಲ್ಲಿ ಹೆಸರಿಲ್ಲ.
ಒಬ್ಬ ಹಿತೈಷಿ ಎಂದು ಬರೆಯಲು ಹೇಳಿದರು,
ನಿಲುವಂಗಿಯೊಳಗೆ ಕೈ ಹಾಕಿ, ಜೇಬು ಹುಡುಕಿ,
ನೂರರ ಒಂದು ನೋಟು ತೆಗೆದು.

ಎಲೀಷಪ್ಪನ ಗಂಟಲು ಆರನೆಯ ಸಲಕ್ಕೇ ಒಡೆದಿತ್ತು.
ಉಳಿದ ಮೂರನ್ನು ಬೆರಳಲ್ಲೇ ಕೂಗಿದ.
ಮಂಡಿಯ ಬೆರಳು ನಮಗೆಲ್ಲ ಅರ್ಥವಾಗುತ್ತದೆ.

ದೀನಮ್ಮ ಅಷ್ಟು ಹೊತ್ತೂ
ಕೂಗನ್ನು ಕೇಳಲಿಲ್ಲ, ನೋಟುಗಳನ್ನು ನೋಡಲಿಲ್ಲ.
ಕೈಯಿಂದ ಕೈಗೆ ಹೋಗುವ ಮೊಟ್ಟೆಯನ್ನೇ ಕಾದಳು,
ಯಾರಾದರೂ ಬೀಳಿಸಿಯಾರೆಂದು.

ಹಣ ಗಂಟೆಯ ಸರಪಳಿಗೆ ಹೋಗಿದೆ: ಪುಟ ಹದಿನೇಳು, ಖರ್ಚಿನ ಬದಿ.
ಮೊಟ್ಟೆ ಯಾರ ಪಾಲಾಯಿತೆಂದು ಬರೆಯಲು
ನಿಮ್ಮ ನಮೂನೆಯಲ್ಲಿ ಕಲಂ ಇಲ್ಲ.
ಇದ್ದಿದ್ದರೂ ಖಾಲಿ ಬಿಡುತ್ತಿದ್ದೆ.
ಪ್ರಾರ್ಥನೆಗೆ ಕಣ್ಣು ಮುಚ್ಚಿ ತೆರೆದಾಗ ತಟ್ಟೆ ಬರಿದಾಗಿತ್ತು,
ಕಾಗೆಗಳು ಬೇವಿಗೆ ಮರಳಿದ್ದವು.

ಇಂತಿ,
ಸುಗುಣವತಿ ನಥಾನಿಯೇಲ್, ಖಜಾಂಚಿ.