ವಾಪಸು ಬಂದದ್ದು

ಖೀಮ್‌ಜಿ ಶೇಟನ ಖಾತೆಪುಸ್ತಕದಲ್ಲಿ ನಾಲ್ಕೇ ಮನೆ:
ಬಂದದ್ದು, ಕೊಟ್ಟದ್ದು, ಉಳಿದದ್ದು,
ಇಲಿ ತಿಂದದ್ದು.
ಇಲಿಗೂ ಸರಕಾರ ಒಂದು ಮನೆ ಕಟ್ಟಿಕೊಟ್ಟಿತ್ತು ಆಗ,
ಡೋಂಗ್ರಿಯ ಆ ರೇಶನ್ ಅಂಗಡಿಯಲ್ಲಿ.

ನನಗೆ ಹದಿನೇಳು. ಹಗಲು ತಕ್ಕಡಿ,
ರಾತ್ರಿ ಕೋಟೆಯ ಶಾಲೆಯಲ್ಲಿ ಇಂಗ್ಲಿಷ್ ವ್ಯಾಕರಣ,
ನಡುವೆ ಹಸಿವು.
ಅಕ್ಕಿ ತೂಗುವವನಿಗೂ ಅಷ್ಟೇ ಅಕ್ಕಿ. ಇದನ್ನು
ಸಾಲಿನಲ್ಲಿ ನಿಂತ ಯಾರೂ ನಂಬುತ್ತಿರಲಿಲ್ಲ.
ಬರ್ಮಾದ ದಾರಿ ಮುಚ್ಚಿತ್ತು. ಬರುತ್ತಿದ್ದದ್ದು
ಎಲ್ಲಿಯದೋ ಗಿಡ್ಡ ಅಕ್ಕಿ, ಅರ್ಧ ನುಚ್ಚು,
ಜೊತೆಗೆ ಹೆಸರು ಗೊತ್ತಿಲ್ಲದ ಕೆಂಪು ಜೋಳ.
ಕರಾವಳಿಯ ಹೆಂಗಸರು ಅದನ್ನು ಮೂಸಿ
ನನ್ನ ಮುಖ ನೋಡುತ್ತಿದ್ದರು,
ನಾನೇ ಬೆಳೆದು ತಂದವನ ಹಾಗೆ.

ಬಚ್ಚಿ ಮರಕಾಲ್ತಿಯ ಕಾರ್ಡಿನಲ್ಲಿ ಎರಡು ಹೆಸರು,
ಅವಳದು, ಮಗ ಶೀನನದು.
ಶೀನನಿಗೆ ಗೋದಿಯಲ್ಲಿ ಕೆಲಸ ಎಂದು ಅವಳ ಊರಿಗೆ
ಕಾಗದ ಬರೆದುಕೊಟ್ಟವನು ನಾನೇ.
ಹಡಗುಕಟ್ಟೆಗೆ ಇಲ್ಲಿ ಗೋದಿ ಅನ್ನುತ್ತಾರೆಂದು ಊರಿಗೇನು ಗೊತ್ತು?
'ಒಳ್ಳೆಯದಾಯಿತು, ರೊಟ್ಟಿಗೆ ಬರವಿಲ್ಲ' ಎಂದು ಉತ್ತರ ಬಂತು.
ಅವನ ಹೆಸರಿನ ಮುಂದೆ 'ಭಾರೀ ಕೆಲಸ' ಎಂಬ ಮೊಹರು,
ಮೊಹರಿಗೆ ವಾರಕ್ಕಿಷ್ಟು ಹೆಚ್ಚಿನ ಕಾಳು.
ನಾಲ್ಕು ಮಾಳಿಗೆ ನೀರು ಹೊರುವ ಅವಳಿಗೆ
ಮೊಹರಿರಲಿಲ್ಲ.

ಏಪ್ರಿಲಿನ ಒಂದು ಸಂಜೆ
ತಕ್ಕಡಿಯ ಮುಳ್ಳು ತಾನಾಗಿ ಕುಣಿಯಿತು.
ಆಮೇಲೆ ಶಬ್ದ.
ಆಮೇಲೆ, ಅದು ಮುಗಿಯಿತು ಅಂದುಕೊಂಡಾಗ, ಇನ್ನೊಂದು.
ಗೋದಾಮುಗಳು ದಿನಗಟ್ಟಲೆ ಉರಿದವು.
ಅನ್ನ ಸೀದ ವಾಸನೆಯಲ್ಲಿ ಊರಿಗೆ ಊರೇ ಮಲಗಿತು,
ಎಲ್ಲೋ ಯಾರೋ ಒಲೆಯ ಮೇಲೆ ಇಟ್ಟು ಮರೆತ ಹಾಗೆ.

ಹತ್ತನೆಯ ದಿನ ಅವಳು ಬಂದಳು.
'ಶೀನನ ಹೆಸ್ರ್ ಹೊಡ್ದ್ ಹಾಕ್ ಮಾಣಿ.
ಅಂವ ಇನ್ನ್ ಉಂಬುಕೆ ಬತ್ತಿಲ್ಲೆ.'
ಹೆಣ ಸಿಗದೆ ಚೀಟಿಯಿಲ್ಲ,
ಚೀಟಿಯಿಲ್ಲದೆ ಹೆಸರು ಹೊಡೆಯುವ ಹಾಗಿಲ್ಲ,
ಹೆಸರಿದ್ದರೆ ತೂಗಲೇಬೇಕು. ತೂಗಿದೆ.
ಮರುದಿನ ಸೆರಗಿನಲ್ಲಿ ಗಂಟು ಕಟ್ಟಿ ತಂದಳು.
'ಇದ್ ಅವ್ನ್ ಪಾಲ್. ನಂಗ್ ಬ್ಯಾಡ.'

ಪುಸ್ತಕ ತೆರೆದೆ. ನಾಲ್ಕು ಮನೆ.
ವಾಪಸು ಬಂದದ್ದಕ್ಕೆ ಮನೆಯಿಲ್ಲ.
ಕಡಿಮೆ ಬಿದ್ದರೆ ದಂಡ, ಹೆಚ್ಚು ಬಿದ್ದರೆ ಜೈಲು
ಎಂದು ಶೇಟ್ ಮೊದಲ ದಿನವೇ ಹೇಳಿದ್ದ.
ಇಲಿಯ ಲೆಕ್ಕದಲ್ಲಿ ಕಳೆಯೋಣವೆಂದರೆ
ಆ ವಾರದ್ದನ್ನು ಇಲಿ ಆಗಲೇ ತಿಂದಾಗಿತ್ತು,
ಇನ್‌ಸ್ಪೆಕ್ಟರನ ಸಹಿಯೂ ಬಿದ್ದಿತ್ತು.

ಕೋಣೆಗೆ ಒಯ್ದೆ.
ಕಲ್ಲು ಆರಿಸಿದೆ, ತುಂಬಾ ಹೊತ್ತು ಆರಿಸಿದೆ,
ಇನ್ನೊಂದು ಕಲ್ಲು ಸಿಗಲಿ ಎಂಬಂತೆ.
ಆಮೇಲೆ ಬೇಯಿಸಿದೆ.
ಸುಳ್ಳು ಹೇಳುವುದಿಲ್ಲ, ರುಚಿಯಾಗಿತ್ತು.
ಗಂಜಿಯ ತಿಳಿಯನ್ನೂ ಬಿಡಲಿಲ್ಲ.

ಹೀಗೆ ಆರು ವಾರ. ಪ್ರತಿ ಮಂಗಳವಾರ ಅವಳ ಗಂಟು,
ಪ್ರತಿ ಮಂಗಳವಾರ ರಾತ್ರಿ ನನ್ನ ಹೊಟ್ಟೆ.
ಪೆನ್ಸಿಲಿಗಿಂತ, ತೂಕದ ಕಲ್ಲಿಗಿಂತ ಭಾರ ಎತ್ತದವನು
ಭಾರೀ ಕೆಲಸದವನ ಕೂಳು ಉಂಡೆ.
ಶಾಲೆಯಲ್ಲಿ ತೂಕಡಿಸುವುದು ನಿಂತಿತು.
ಪರೀಕ್ಷೆಯಲ್ಲಿ ಪಾಸಾದೆ.

ಏಳನೆಯ ವಾರ ಚೀಟಿ ಬಂತು, ಮೂರು ಕಚೇರಿಯ ಮೊಹರು ಹೊತ್ತು.
ಕೆಂಪು ಶಾಯಿಯಲ್ಲಿ ಗೆರೆ ಎಳೆದೆ.
ಅವಳು ಹೆಬ್ಬೆಟ್ಟು ಒತ್ತಿ, ಕೂದಲಿಗೆ ಒರೆಸಿಕೊಂಡು,
ಮೊದಲ ಸಲ ನನ್ನನ್ನು
ನೆತ್ತಿಯಿಂದ ಕೆಳಗಿನವರೆಗೆ ನೋಡಿದಳು.

'ಚೂರ್ ಮೈ ಬಂದಿತ್ ಕಾಣ್ ಮಾಣಿ ನಿಂಗೆ.'

ಅಷ್ಟೇ. ಮುಖದಲ್ಲಿ ಏನೂ ಇರಲಿಲ್ಲ, ಅಥವಾ
ಇದ್ದದ್ದನ್ನು ಓದಲು ನನಗೆ ಬರಲಿಲ್ಲ.
ತಕ್ಕಡಿ ಕೈಯಲ್ಲೇ ಇತ್ತು, ಖಾಲಿ,
ಒಂದು ಬದಿಗೆ ವಾಲಿಕೊಂಡು.
ಹಿಂದೆ ಸಾಲಿನವರು ಕೂಗತೊಡಗಿದ್ದರು.