ಕುಕ್ಕರಗಾಲಿನ ಗುರುತು

ಮೂರೂವರೆ ಸಾವಿರಕ್ಕೆ ಅರ್ಧ ಮನುಷ್ಯ.
ಸೀನಿಯರ್ ಕೇತಕಿ ಪರುಳೇಕರ್ ಕೊಟ್ಟದ್ದು,
ಬಟಾಟೆ ಚೀಲದಲ್ಲಿ, ಎಡಗಡೆಯದು ಮಾತ್ರ.
ಒಂದು ತೊಡೆ, ಒಂದು ಹೆಗಲು, ಅರ್ಧ ಸೊಂಟ,
ತಂತಿಯಲ್ಲಿ ಪೋಣಿಸಿದ ಒಂದು ಕೈ.
ಸಾಯನ್ ಆಸ್ಪತ್ರೆ ದಾಟಿ
ನೈಂಟಿ ಫೀಟ್ ರೋಡ್ ಹಿಡಿದು ನಡೆಯುವಾಗ
ಚೀಲದೊಳಗೆ ಅದು ಲಟಲಟ ಅಂದಿತು,
ಬೇಸರಕ್ಕೆ ಯಾರೋ ನೆಟಿಕೆ ಮುರಿದ ಹಾಗೆ.

‘ಮನಿಯಾಗ ಇದನ್ನ ಎಲ್ಲಿ ಇಡ್ತಿ?’ ಅಂದಳು ಅವ್ವ.
ಹತ್ತು ಬೈ ಹತ್ತರ ಖೋಲಿ, ನಾವು ನಾಲ್ಕು ಜನ,
ಈಗ ನಾಲ್ಕೂವರೆ.
ಕೊನೆಗೆ ಅಟ್ಟದ ಮೇಲೆ,
ಜೋಳದ ಡಬ್ಬಿಯಿಂದ ಒಂದು ಗೇಣು ದೂರ.
ನಡುವೆ ಅವಳೇ ಎಳೆದ
ವಿಭೂತಿಯ ಗೆರೆ.

ವೈವಾದಲ್ಲಿ ಸಬ್ನಿಸ್ ಮೇಡಂ ಕಣ್ಣು ಮುಚ್ಚಿಸುತ್ತಾರಂತೆ.
ಹಾಗಾಗಿ ಎಲ್ಲರೂ ಮಲಗಿದ ಮೇಲೆ
ನಾನು ಓದುವುದು ಬೆರಳಿನಿಂದ.
ಹೆಗಲ ಹಲಗೆ ನಡುವಲ್ಲಿ ಹಪ್ಪಳದಷ್ಟು ತೆಳು,
ಬೀದಿದೀಪಕ್ಕೆ ಹಿಡಿದರೆ ಬೆಳಕು ಸೋಸಿ ಬರುತ್ತದೆ.
ಬೆನ್ನಿಗೆ ಏಣು, ಮುಂದಕ್ಕೆ ಬಾಗಿದ ಕಾಗೆಯ ಕೊಕ್ಕು.
ತೊಡೆಯೆಲುಬಿನ ಹಿಂದೆ ಉದ್ದಕ್ಕೂ ಒರಟು ಗೆರೆ,
ಹಳೆ ಸೀರೆಯ ಕೌದಿಗೆ ಹಾಕಿದ ಹೊಲಿಗೆಯಂಥದು.
ಅದರ ಪಕ್ಕ ಸೂಜಿಮೊನೆ ಹಿಡಿಸುವಷ್ಟು ತೂತು,
ಮೊಳಕಾಲಿಗೆ ಬೆನ್ನು ಹಾಕಿ ಓರೆಯಾಗಿ ಕೊರೆದದ್ದು;
ರಕ್ತ ಒಳಗೆ ಹೋಗುತ್ತಿದ್ದ ಹಿತ್ತಿಲ ಬಾಗಿಲು.
ಸ್ನಾಯು ಶುರುವಾಗುವಲ್ಲಿ ಕೆಂಪು, ಮುಗಿಯುವಲ್ಲಿ ನೀಲಿ,
ಕೇತಕಿಯ ನೇಲ್ ಪಾಲಿಶ್ ಅಲ್ಲಲ್ಲಿ ಎದ್ದಿದೆ.

ಎಲುಬು ಸುಮ್ಮನೆ ಉಬ್ಬುವುದಿಲ್ಲ.
ಮಾಂಸ ಎಳೆದಲ್ಲಿ ಏಳುತ್ತದೆ,
ನರ ಹಾದಲ್ಲಿ ದಾರಿ ಬಿಡುತ್ತದೆ.
ಎಷ್ಟು ಎಳೆತವೋ ಅಷ್ಟು ದಿಬ್ಬ.
ಪುಸ್ತಕ ಇದನ್ನು ಒಂದೇ ಸಾಲಲ್ಲಿ ಹೇಳಿ
ಮುಂದಿನ ಪುಟಕ್ಕೆ ಹೋಗುತ್ತದೆ.

ಒಂದು ಭಾನುವಾರ ಕಣಕಾಲೆಲುಬಿನ ಬುಡದಲ್ಲಿ,
ಮುಂದಿನ ಅಂಚಿಗೆ, ಬೆರಳಿಗೆ ಸಿಕ್ಕಿತು ಒಂದು ನುಣುಪು,
ಹಸಿ ಗೋಡೆಗೆ ಯಾರೋ ಹೆಬ್ಬೆರಳು ಒತ್ತಿದಂತೆ.
ಕುರ್ಚಿಯ ಜನಕ್ಕೆ ಇದು ಅಪರೂಪವಂತೆ.
ಕುಕ್ಕರಗಾಲಲ್ಲಿ ಕೂತು ಕೂತು
ಪಾದದ ಎಲುಬು ಮೇಲಿನದಕ್ಕೆ ತಾಗಿ ತಾಗಿ
ಮಾಡಿಕೊಂಡ ಜಾಗ.

ಅವ್ವ ಮೋರಿಯ ಹತ್ತಿರ ಹಾಗೇ ಕೂತಿದ್ದಳು, ಬೋಗುಣಿ ತಿಕ್ಕುತ್ತ.
ಹದಿನೇಳು ವರ್ಷ ನಾಕಾದಲ್ಲಿ ನಿಂತು,
ಮುಲುಂಡಿನಿಂದ ಖಾರ್ಘರ್ ತನಕ
ಬೇರೆಯವರ ಹೊಸ ನೆಲಗಳ ಟೈಲ್ಸಿನ ಸಂದಿಗೆ
ಬಿಳಿ ಸಿಮೆಂಟು ತುಂಬಿದವಳು.
ಕರೆದು ತೋರಿಸಿದೆ.
ಕೈ ಒರೆಸಿಕೊಂಡು ಮುಟ್ಟಿದಳು, ಮೊದಲ ಸಲ.

‘ಗಂಡೋ, ಹೆಣ್ಣೋ?’
ಸೊಂಟದ ಕಚ್ಚಿನೊಳಗೆ ನನ್ನ ಹೆಬ್ಬೆರಳು
ಆಚೀಚೆ ಆಡುತ್ತಿತ್ತು. ಹೆಣ್ಣಿರಬೇಕು, ಅಂದೆ.
‘ಇರಬೇಕು ಏನ್ ಬಂತು? ಇಷ್ಟು ಕುಂತಾಕಿ ಹೆಣ್ಣೇ.’
ಗಂಡಸರೂ ಕೂರ್ತಾರಲ್ಲವ್ವ.
‘ಕುಂದರ್ತಾರ. ಎದ್ದು ಹೋಗ್ತಾರ.’

ಸೀರೆ ಒಂದು ಬೆರಳು ಎತ್ತಿ
ತನ್ನ ಕಾಲನ್ನು ಅದೇ ಜಾಗದಲ್ಲಿ ತಡಕಿದಳು.
ಚರ್ಮ, ಸಿಮೆಂಟು ಕಚ್ಚಿದ ಕಲೆ, ಬೆಳ್ಳಿಯಲ್ಲದ ಗೆಜ್ಜೆ.
‘ನಂದು ನೋಡಾಕ ಇನ್ನ ಟೈಮ್ ಐತಿ’ ಅಂದು
ಬೋಗುಣಿಗೆ ವಾಪಸ್ ಹೋದಳು.

ಪರೀಕ್ಷೆಯ ವಾರ ಕೈಯ ತಂತಿ ಕಿತ್ತಿತು.
ಮಣಿಕಟ್ಟಿನ ಎಂಟರಲ್ಲಿ
ದೋಣಿ ಸಿಕ್ಕಿತು, ಅರ್ಧಚಂದ್ರ ಸಿಕ್ಕಿತು,
ಕೊಕ್ಕೆಯದು ಚಾಪೆಯಡಿ ಸಿಕ್ಕಿತು.
ಬಟಾಣಿಯಂಥ ಒಂದು ಮಾತ್ರ ಇಲ್ಲ.
ನಾಲ್ಕು ದಿನದ ಮೇಲೆ ಅವ್ವ ತೊಗರಿಬೇಳೆ ಕೇರುವಾಗ
ಮೊರದ ಮೂಲೆಯಲ್ಲಿ ಅದು ತಾನೇ ಬೇರೆ ನಿಂತಿತ್ತು.
ಎಸೆಯಲಿಲ್ಲ, ಬೈಯಲಿಲ್ಲ, ನನಗೂ ಹೇಳಲಿಲ್ಲ.
ಕೇಳಿದಾಗ ದೇವರ ಜಗಲಿ ತೋರಿಸಿದಳು,
ಅರಿಶಿಣದ ಬಟ್ಟಲು.

ಈಗ ಚೀಲ ಜೂನಿಯರ್ ಝೈನಬಳದು.
ಎಲ್ಲ ಎಣಿಸಿಕೊಂಡು, ಕೈ ತಿರುಗಿಸಿ ನೋಡಿ ಕೇಳಿದಳು:
ಕೆಂಪು ಶುರು, ನೀಲಿ ಕೊನೆ,
ಇದೊಂದು ಹಳದಿ ಯಾತಕ್ಕೆ?

ಗೊತ್ತಿಲ್ಲ ಅಂದೆ.
ಇನ್ನೂರು ಕಮ್ಮಿ ಮಾಡಿ ಕೊಟ್ಟೆ.