ಎರಡನೆಯ ವಾಚನ

ವಾರವಿಡೀ ನನ್ನ ಬಾಯಲ್ಲಿ ಬರೀ ಅಂಕಿ.
ಮಂಡ್ಯದ ಸಕ್ಕರೆ ಕಾರ್ಖಾನೆ, ತೂಕದ ಮನೆ,
ಕಿಟಕಿಗೊಂದು ಮೈಕು:
ಟೋಕನ್ ಮುನ್ನೂರ ಹದಿನೇಳು, ಕೀಲಾರದ ಗಾಡಿ,
ಮುಂದಕ್ಕೆ ಬನ್ನಿ, ಎತ್ತು ಹಿಡ್ಕೊಳ್ಳಿ.
ಭಾನುವಾರ ಅದೇ ಗಂಟಲಿಗೆ
ಕೊರಿಂಥದವರ ವಿಳಾಸ.

ಪಟ್ಟಿ ಬೀಳುವುದು ಶನಿವಾರ ಸಂಜೆ,
ಚರ್ಚಿನ ಬಾಗಿಲ ಹಿಂದಿನ ಹಲಗೆಗೆ.
ನೀಲಿ ಶಾಯಿ, ದುಂಡಕ್ಷರ:
ಮೊದಲನೆಯ ವಾಚನ, ಎರಡನೆಯ ವಾಚನ,
ವಿಶ್ವಾಸಿಗಳ ಬಿನ್ನಹ, ಕಾಣಿಕೆ ಚೀಲಕ್ಕೆ ಇಬ್ಬರು,
ಹೂವು, ಮದಲೇನಮ್ಮನ ಮನೆಯವರು.
ಯಾರಿಗೂ ಸಂಬಳವಿಲ್ಲ. ಆದರೂ
ಹೆಸರು ಬಿಟ್ಟುಹೋದರೆ ಎರಡು ವಾರ ಮಾತಿಲ್ಲ.

ಬರೆಯುವವರು ಇನ್ನಾಸಪ್ಪ.
ಮೂವತ್ತೊಂದು ವರ್ಷ ಸೈಕಲ್ ತುಳಿದು ಕಾಗದ ಹಂಚಿದವರು.
ಓದು ಬಾರದವರ ಜಗಲಿಯಲ್ಲಿ ಕೂತು
ಮಿಲಿಟರಿ ಸೇರಿದ ಮಗನ ಕಾಗದ ಓದಿ ಹೇಳಿ
ಕೊನೆಯ ಸಾಲಿಗೆ ತಾವೇ ಮೂಗೊರೆಸಿಕೊಂಡವರು.
ಮೊದಲ ಸಲ ನನ್ನ ಕಾಲು ನಡುಗಿದಾಗ
ಪೂಜಾವಸ್ತ್ರದ ಬೀರುವಿನ ಪಕ್ಕ ನಿಲ್ಲಿಸಿ ಅಂದಿದ್ದರು:
“ಇದು ನೀನು ಬರ್ದದ್ದಲ್ಲ ಕನವ್ವ,
ನಿಂಗೆ ಬಂದದ್ದೂ ಅಲ್ಲ.
ಪೌಲ ಬರ್ದವ್ನೆ, ಚಾಪೆ ಮ್ಯಾಲೆ ಕುಂತೋರಿಗೆ ಬಂದದೆ.
ಮಧ್ಯದಲ್ಲಿ ನೀನು ಬರೀ ಸೈಕಲ್ಲು.
ಬೆಲ್ ಹೊಡಿ, ಕೊಡು, ಹೊರಡು.”

ಥೆಸಲೋನಿಕ ಅನ್ನುವ ಊರನ್ನು ನಾನು
ಬಟ್ಟೆ ಒಗೆಯುವ ಕಲ್ಲಿನ ಮೇಲೆ
ಕುಕ್ಕಿ ಕುಕ್ಕಿ ನಾಲಿಗೆಗೆ ಕೂರಿಸಿಕೊಂಡೆ.

ಈ ಸಲ ತಪಸ್ಸುಕಾಲದ ನಾಲ್ಕನೆಯ ಭಾನುವಾರ
ಎರಡನೆಯ ವಾಚನ ಅವರದು.
ಎಫೆಸದವರಿಗೆ ಹೋದ ಕಾಗದ, ಕತ್ತಲೆ ಬೆಳಕಿನದು.
ನಾನು ಸೆರಗು ಹೊದ್ದು ಪುಸ್ತಕದಲ್ಲಿ ಬೆರಳಿಟ್ಟು ಕಾದಿದ್ದೆ.
ಕನ್ನಡಕ ಒರೆಸಿದರು. ಮತ್ತೆ ಒರೆಸಿದರು.
ಮೈಕಿನಲ್ಲಿ ಪಂಚೆಯ ಚುಂಗಿನ ಸರಸರ.
ಆಮೇಲೆ ತಲೆಯೆತ್ತಿ ಶುರುಮಾಡಿದರು.
ಎಫೆಸ ಅಲ್ಲ, ಕೊರಿಂಥ!
ಹೋದ ವರ್ಷ ಇದೇ ವಾರ ಓದಿದ್ದು,
ಕ್ರಿಸ್ತನ ಪರವಾಗಿ ಹೊರಟ ರಾಯಭಾರಿಗಳದ್ದು.
ಒಂದಕ್ಷರ ತಪ್ಪಲಿಲ್ಲ.
ಬೆರಳು ಮಾತ್ರ ಪುಟದ ಮೇಲೆ
ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು,
ಕಾಣುವವರ ಹಾಗೆ.

ಸ್ವಾಮಿಗಳು ಕಣ್ಮುಚ್ಚಿದ್ದರು.
ಪೀಠಸೇವೆಯ ಹುಡುಗರಿಬ್ಬರು ನಿಲುವಂಗಿಯೊಳಗಿಂದಲೇ
ಮೊಣಕೈಯಲ್ಲಿ ತಿವಿದಾಡುತ್ತಿದ್ದರು.
ಕೀಬೋರ್ಡಿನ ಜೆಸಿಂತಳಿಗೆ ಮುಂದಿನ ಹಾಡಿನ ಪುಟ ಸಿಕ್ಕಿರಲಿಲ್ಲ.
“ಪ್ರಭುವಿನ ವಾಕ್ಯ” ಅಂದರು.
ನೂರೆಂಬತ್ತು ಬಾಯಿ ಕೃತಜ್ಞತೆ ಹೇಳಿದವು.
ನನ್ನದೂ.
ಬೇರೆಯವರ ಕಾಗದ ನಮ್ಮ ಮನೆಗೆ ಬಂದಿತ್ತು,
ಯಾರೂ ವಾಪಸು ಕೊಡಲಿಲ್ಲ.

ಪೂಜೆ ಮುಗಿದ ಮೇಲೆ
ಕಾಲಬೆರಳಲ್ಲಿ ತಡವಿ ಚಪ್ಪಲಿ ಹುಡುಕುತ್ತಿದ್ದರು.
ಎಡಗಾಲಿಗೆ ಸಿಕ್ಕಿದ್ದು ನನ್ನದು.
“ಪುಸ್ತಕ ನೋಡ್ತಿದ್ದೇನವ್ವ?”
ಹೂಂ ಅಂದೆ.
“ಎಲ್ಲಿ ಗಂಟ?”
ಕೊನೇ ಸಾಲಿನ ಗಂಟ, ಅಂದೆ.
ಏನೂ ಅನ್ನಲಿಲ್ಲ. ನನ್ನ ಚಪ್ಪಲಿಯನ್ನು
ಮೆಲ್ಲಗೆ ನನ್ನ ಕಡೆ ಸರಿಸಿದರು.

ಮುಂದಿನ ಶನಿವಾರದ ಪಟ್ಟಿ
ಓದಲಿಕ್ಕೆ ನನಗೆ ಹೊತ್ತು ಹಿಡಿಯಿತು.
ಸಾಲಿನ ಮೇಲೆ ಸಾಲು ಹತ್ತಿತ್ತು.
ಎರಡನೆಯ ವಾಚನದ ಮುಂದೆ ನನ್ನ ಹೆಸರು,
ಅದರ ಮೇಲೇ ಇನ್ನೊಮ್ಮೆ ನನ್ನ ಹೆಸರು,
ಮೊದಲನೆಯದು ಬಿತ್ತೋ ಇಲ್ಲವೋ
ಗೊತ್ತಾಗದವರು ಬರೆದ ಹಾಗೆ.
ಕೆಳಗೆ, ಕಾಣಿಕೆ ಚೀಲಕ್ಕೆ: ಇನ್ನಾಸಪ್ಪ.

ಈಗ ಉದ್ದ ಹಿಡಿಯ ಆ ಕೆಂಪು ಚೀಲ ಹಿಡಿದು
ಸಾಲು ಸಾಲಿಗೆ ಚಾಚುತ್ತಾರೆ.
ನಾಣ್ಯ ಬೀಳುವ ಸದ್ದಿಗೇ
ಯಾರ ಕೈ ಅಂತ ಹೇಳುತ್ತಾರಂತೆ,
ಹಾಕಿದ ಹಾಗೆ ಮಾಡಿದ ಕೈ ಯಾವುದು ಅಂತಲೂ.
ಅದನ್ನು ಮಾತ್ರ ಯಾರಿಗೂ ಹೇಳಿಲ್ಲ.

ನಾನು ಮೈಕಿನ ಮುಂದೆ ನಿಂತು
ಒಂದು ಉಸಿರು ಬಿಟ್ಟು, ಒಳಗೇ ಬೆಲ್ ಹೊಡೆದು,
ಕೊಡುತ್ತೇನೆ, ಹೊರಡುತ್ತೇನೆ.

ಮೊನ್ನೆ ಸೋಮವಾರ ತೂಕದ ಕಿಟಕಿಯಲ್ಲಿ
ಅದೇ ಉಸಿರು ಬಿಟ್ಟೆನೋ ಏನೋ.
ಟೋಕನ್ ನೂರ ನಲವತ್ತು ಅಂದೆ,
ನಿಧಾನಕ್ಕೆ, ಕೀಲಾರದವರಿಗೆ, ಅಂದೆ.
ಕಬ್ಬಿನ ಗಾಡಿಯ ಮೇಲಿಂದ ಹುಡುಗನೊಬ್ಬ
ಬೀಡಿ ತೆಗೆದು ಕೂಗಿದ:
“ಏನಕ್ಕಾ, ಏನ್ ಬಂದದೆ ನಮ್ಗೆ?”